ತಗಡಿನಿಂದ ಎಲೆಕ್ಟ್ರಾನ್ ಬಿಡಿಸುವ ಬೆಳಕು

ಕೇಳುಗರಿಗೆ ನಮಸ್ಕಾರ.

ಲೋಹದ ಮೇಲೆ ತಕ್ಕ ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಹೊರಬರುತ್ತವೆ. ಇದೇ ದ್ಯುತಿವಿದ್ಯುತ್ ಪರಿಣಾಮ. 1887ರಲ್ಲಿ ಜರ್ಮನಿಯ ಭೌತವಿಜ್ಞಾನಿ ಹರ್ಟ್ಸ್ ಇದರ ಸುಳಿವು ಕಂಡರು. ಮರುವರ್ಷ ಹಾಲ್ವಾಕ್ಸ್ ಸತುವಿನ ತಗಡಿನಲ್ಲಿ ಮಾಡಿ ತೋರಿಸಿದರು. ಪ್ರಯೋಗಾಲಯದ ಮೇಜಿನ ಮೇಲೆ ಇಂದಿಗೂ ಮಾಡಬಹುದಾದ ಪ್ರಯೋಗ ಅದು. ಸುಲಭವೆನಿಸುತ್ತದೆ, ಆದರೆ ಸಣ್ಣ ಅಜಾಗ್ರತೆಗೂ ಕೈಕೊಡುತ್ತದೆ.

ಸತುವಿನ ತಗಡನ್ನು ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿ, ಕೂಡಲೇ ಚಿನ್ನದ ರೇಕಿನ ವಿದ್ಯುದ್ದರ್ಶಕದ ತಲೆಗೆ ಕೂರಿಸಿ. ವಿದ್ಯುದಂಶ ಸೇರಿದರೆ ರೇಕು ಬಿಚ್ಚಿ, ಹೋದರೆ ಇಳಿದು ತೋರಿಸುವ ಉಪಕರಣ ಇದು. ನಿನ್ನೆ ಉಜ್ಜಿಟ್ಟ ತಗಡು ಬೇಡ. ಗಾಳಿಗೆ ಅದರ ಮೇಲೆ ಆಕ್ಸೈಡ್ ಪೊರೆ ಕಟ್ಟಿರುತ್ತದೆ. ಉಣ್ಣೆಯಿಂದ ತಿಕ್ಕಿದ ಪಿವಿಸಿ ಕೊಳವೆಯನ್ನು ತಗಡಿಗೆ ಸವರಿದರೆ ಋಣ ವಿದ್ಯುದಂಶ ಸೇರಿ ರೇಕು ಬಿಚ್ಚಿಕೊಳ್ಳುತ್ತದೆ. ಒಂದು ನಿಮಿಷ ಸುಮ್ಮನೆ ನೋಡಿ. ದೀಪವಿಲ್ಲದೆಯೇ ರೇಕು ಇಳಿದರೆ ತೇವದ ಗಾಳಿಯಲ್ಲಿ ವಿದ್ಯುತ್ ಸೋರುತ್ತಿದೆ ಎಂದರ್ಥ. ಅವಾಹಕವನ್ನು ಒಣಗಿಸಿ ಮತ್ತೆ ಶುರುಮಾಡಿ.

ಇನ್ನು ದೀಪ. ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ಸತುವಿನಿಂದ ಎಲೆಕ್ಟ್ರಾನ್ ಬಿಡಿಸಲು ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು; ಎಲೆಕ್ಟ್ರಾನ್ ವೋಲ್ಟ್ ಎಂದರೆ ಶಕ್ತಿಯ ಪುಟ್ಟ ಅಳತೆ. ಬೆಳಕಿನ ಒಂದು ಕಣ, ಅಂದರೆ ಫೋಟಾನ್, ಎಷ್ಟು ಕೊಡಬಲ್ಲದು? 1240ನ್ನು ನ್ಯಾನೊಮೀಟರ್‌ನಲ್ಲಿರುವ ತರಂಗದೂರದಿಂದ ಭಾಗಿಸಿದರೆ ಸಿಕ್ಕಿತು. ನಕಲಿ ನೋಟು ಪತ್ತೆಮಾಡುವ 365 ನ್ಯಾನೊಮೀಟರ್ ನೇರಳಾತೀತ ದೀಪ ಕೊಡುವುದು 3.4 ಮಾತ್ರ. ಅಂಥವು ಹತ್ತು ಹಚ್ಚಿದರೂ ರೇಕು ಕದಲದು, ಏಕೆಂದರೆ ಇಲ್ಲಿ ಒಂದು ಎಲೆಕ್ಟ್ರಾನಿಗೆ ಒಂದೇ ಫೋಟಾನ್. ಹಲವು ಫೋಟಾನುಗಳು ಕೂಡಿ ವಂತಿಗೆ ಹಾಕುವುದಿಲ್ಲ. 1905ರಲ್ಲಿ ಐನ್‌ಸ್ಟೈನ್ ಹಿಡಿದ ಎಳೆ ಇದೇ. ಕ್ರಿಮಿನಾಶಕ ಪಾದರಸ ದೀಪದ 254 ನ್ಯಾನೊಮೀಟರ್ ಬೆಳಕಿನಲ್ಲಿ 4.9 ಉಂಟು. ಅದನ್ನು ಹತ್ತಿರ ಹಿಡಿದರೆ ರೇಕು ಸರಸರ ಇಳಿಯುತ್ತದೆ. ಆದರೆ ಆ ದೀಪ ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ: ತಡೆಗನ್ನಡಕ, ಕೈಗವಸು ಇಲ್ಲದೆ ಹಚ್ಚಲೇಬೇಡಿ.

ನಡುವೆ ಕಿಟಕಿಯ ಗಾಜು ಹಿಡಿಯಿರಿ. ಬೆಳಕು ಕಾಣುತ್ತಲೇ ಇರುತ್ತದೆ, ರೇಕು ಮಾತ್ರ ನಿಂತುಬಿಡುತ್ತದೆ. ಬೇಕಾದ ಕಿರಣವನ್ನು ಗಾಜು ನುಂಗಿತು. ಕ್ವಾರ್ಟ್ಜ್ ಹಿಡಿದರೆ ಹಾಗಾಗದು.

ಕೊನೆಯ ಪರೀಕ್ಷೆ: ರೇಷ್ಮೆಯಿಂದ ತಿಕ್ಕಿದ ಗಾಜಿನ ಕಡ್ಡಿಯಿಂದ ತಗಡಿಗೆ ಧನ ವಿದ್ಯುದಂಶ ಕೊಟ್ಟು, ಅದೇ ದೀಪ ಹಿಡಿಯಿರಿ. ಹೊರಟ ಎಲೆಕ್ಟ್ರಾನುಗಳನ್ನು ತಗಡೇ ಮರಳಿ ಎಳೆದುಕೊಳ್ಳುವುದರಿಂದ ರೇಕು ಇಳಿಯಬಾರದು. ಇಳಿಯಿತೇ? ಹಾಗಾದರೆ ಮೊದಲು ಕಂಡದ್ದನ್ನೂ ನಂಬಬೇಡಿ; ಸೋರಿಕೆ ಎಲ್ಲಿದೆ, ಹುಡುಕಿ.