ಡ್ರಾಯರಿನಲ್ಲಿ ಸಿಕ್ಕ ರಸೀದಿ

ಕೇಳುಗರಿಗೆ ನಮಸ್ಕಾರ.

ಡ್ರಾಯರ್ ಚೊಕ್ಕ ಮಾಡುವಾಗ ದಾನದ ರಸೀದಿಯೊಂದು ಸಿಗುತ್ತದೆ. 2023ರದ್ದು, ಮೂರು ಸಾವಿರ ಡಾಲರ್. ಆ ವರ್ಷದ ಟ್ಯಾಕ್ಸ್ ರಿಟರ್ನ್‌ನಲ್ಲಿ ತೋರಿಸಲು ಮರೆತೇ ಹೋಗಿತ್ತು. ಅಮೆರಿಕದಲ್ಲಿರುವ ನಮ್ಮವರಲ್ಲಿ ಎಷ್ಟೋ ಜನರಿಗೆ ಹೀಗಾಗುತ್ತದೆ, ಅಲ್ವಾ?

ದಾರಿ ಇದೆ. 1040-ಎಕ್ಸ್ ಎಂಬ ಫಾರ್ಮ್ ತುಂಬಿ ಹಳೆಯ ರಿಟರ್ನ್ ತಿದ್ದಬಹುದು. ಸಾಮಾನ್ಯವಾಗಿ ಮೂರು ವರ್ಷ ಅವಕಾಶ. ನೀವು ಫೆಬ್ರವರಿಯಲ್ಲೇ ಸಲ್ಲಿಸಿದ್ದರೂ ಎಣಿಕೆ ಶುರುವಾಗುವುದು ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ. ಅಂದರೆ 2023ರ ರಿಟರ್ನ್‌ಗೆ 2027ರ ಏಪ್ರಿಲ್ 15ರವರೆಗೆ ಸಮಯವಿದೆ.

ಆದರೆ ಪೂರ್ತಿ ಮೂರು ಸಾವಿರಕ್ಕೂ ವಿನಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ. ಆ ವರ್ಷ ಗಂಡ ಹೆಂಡತಿ ಒಟ್ಟಿಗೆ ಸಲ್ಲಿಸಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಲೆಕ್ಕ ಕೊಡದೆಯೇ ಆದಾಯದಿಂದ ಕಳೆಯಬಹುದಾದ ಮೊತ್ತ, 27,700 ಡಾಲರ್ ಇತ್ತು. ನೀವು ಅದನ್ನೇ ತೆಗೆದುಕೊಂಡಿದ್ದಿರಿ ಅನ್ನೋಣ. ಅದರ ಬದಲು ಮನೆ ಸಾಲದ ಬಡ್ಡಿ, ರಾಜ್ಯದ ತೆರಿಗೆ ಎಂದು ಒಂದೊಂದಾಗಿ ತೋರಿಸಿದ್ದರೆ ನಿಮ್ಮ ಲೆಕ್ಕ 26,000 ಆಗುತ್ತಿತ್ತು. ಈಗ ದಾನವೂ ಸೇರಿದರೆ 29,000. ಲಾಭಕ್ಕೆ ಬರುವುದು 27,700ರ ಮೇಲಿನ 1,300 ಮಾತ್ರ. ನಿಮ್ಮ ತೆರಿಗೆ ದರ ಶೇಕಡಾ 22 ಆದರೆ ಕೈಗೆ ಬರುವುದು 286 ಡಾಲರ್. ಲೆಕ್ಕ ಹಾಕದೆ ಸುಮ್ನೆ ಫಾರ್ಮ್ ತುಂಬಲು ಕೂರಬೇಡಿ.

ಇನ್ನೊಂದು ತೊಡಕು ಬಹಳ ಜನರಿಗೆ ಗೊತ್ತಿಲ್ಲ. ಒಂದೇ ಸಲ 250 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟಿದ್ದರೆ ಸಂಸ್ಥೆಯ ಪತ್ರ ಬೇಕು. ಬದಲಿಗೆ ನಿಮಗೆ ಊಟ, ಟಿಕೆಟ್ ಏನಾದರೂ ಕೊಟ್ಟರೋ ಇಲ್ಲವೋ ಎಂಬುದು ಅದರಲ್ಲಿ ಬರೆದಿರಬೇಕು. ಆ ಪತ್ರ ನೀವು ಮೊದಲ ರಿಟರ್ನ್ ಸಲ್ಲಿಸುವ ಮೊದಲೇ ನಿಮ್ಮ ಕೈ ಸೇರಿರಬೇಕು. ಸಲ್ಲಿಸುವುದು ತಡವಾಗಿದ್ದರೆ, ಕೊನೆಯ ದಿನದೊಳಗೆ. ಈಗ ಹೋಗಿ ಕೇಳಿ ಬರೆಸಿಕೊಂಡರೆ ನಡೆಯುವುದಿಲ್ಲ. ಕೊಟ್ಟದ್ದು ನಿಜವಾದರೂ ಅಷ್ಟೇ. ಕಠಿಣ ಅನಿಸಬಹುದು, ನನಗೂ ಅನಿಸುತ್ತದೆ. ಆದ್ದರಿಂದ ಡ್ರಾಯರಿನ ಕಾಗದದಲ್ಲಿ ಮೊದಲು ನೋಡಬೇಕಾದ್ದು ತಾರೀಕು. ಆಗ ಇಮೇಲ್‌ನಲ್ಲಿ ಬಂದಿದ್ದರೂ ಆಗುತ್ತದೆ, ಹುಡುಕಿ ನೋಡಿ.

ಊರಿನ ದೇವಸ್ಥಾನಕ್ಕೋ ಶಾಲೆಗೋ ನೇರವಾಗಿ ಕಳಿಸಿದ ಹಣಕ್ಕೆ ಇಲ್ಲಿ ವಿನಾಯಿತಿ ಇಲ್ಲ. ಸೇವೆಗೆ ಕೊಟ್ಟ ಸಮಯಕ್ಕೂ ಇಲ್ಲ. ಆದರೆ ಸೇವೆಗೆಂದು ಕಾರು ಓಡಿಸಿದ್ದನ್ನು ಬರೆದಿಟ್ಟಿದ್ದರೆ ಮೈಲಿಗೆ 14 ಸೆಂಟ್ ಸೇರಿಸಬಹುದು.

ಫಾರ್ಮ್‌ನಲ್ಲಿ ಮೂರು ಅಂಕಣ: ಮೊದಲು ತೋರಿಸಿದ್ದು, ಈಗಿನ ಬದಲಾವಣೆ, ಸರಿಯಾದ ಮೊತ್ತ. ಕೆಳಗೆ ಕಾರಣ ಬರೆಯಬೇಕು. 'ದಾನ ಸೇರಿಸಲು ಮರೆತಿದ್ದೆ' ಎಂದು ನೇರವಾಗಿ ಬರೆದರೆ ಸಾಕು. ಜೊತೆಗೆ ಶೆಡ್ಯೂಲ್ ಎ, ಅಂದರೆ ಬಡ್ಡಿ, ತೆರಿಗೆ, ದಾನಗಳನ್ನು ಒಂದೊಂದಾಗಿ ತೋರಿಸುವ ಪುಟ, ಇರಲಿ. ನಿಮ್ಮ ರಾಜ್ಯದಲ್ಲೂ ಆದಾಯ ತೆರಿಗೆ ಇದ್ದರೆ ಆ ರಿಟರ್ನ್ ಕೂಡ ತಿದ್ದಬೇಕಾಗಬಹುದು. ಹಣ ವಾಪಸ್ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ನಾಲ್ಕು.

ನಮಸ್ಕಾರ.