ಡೇರೆ ತಿಂದ ಬೂಷ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಆಷಾಢದ ಮಳೆಯಲ್ಲಿ ಹತ್ತಿ ಬಟ್ಟೆಯೊಂದು ಒಣಗದೆ ಮೂಲೆಯಲ್ಲಿ ಬಿದ್ದಿದ್ದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೂ ಕರಾವಳಿಯವರಿಗೂ ಹೇಳಿಕೊಡಬೇಕಿಲ್ಲ. ಮೊದಲು ಮುಗ್ಗಲು ವಾಸನೆ. ಆಮೇಲೆ ಚುಕ್ಕೆ. ಹಾಗೇ ಬಿಟ್ಟರೆ ಒಂದು ದಿನ ಎಳೆದ ಕೂಡಲೇ ಪರ್ರನೆ ಹರಿಯುತ್ತದೆ. ಬಟ್ಟೆಯನ್ನು ಬೂಷ್ಟು ತಿಂದಿರುತ್ತದೆ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನ್ಯಕ್ಕೂ ಇದೇ ಕಷ್ಟ ಬಂತು. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಸೈನಿಕರು ಬೀಡು ಬಿಟ್ಟಿದ್ದರು. ಸೆಕೆ, ಮಳೆ, ಮತ್ತೆ ಸೆಕೆ. ಹತ್ತಿಯ ಡೇರೆಗಳು ನೋಡನೋಡುತ್ತಲೇ ಕೊಳೆತವು. ಇದನ್ನು ತಡೆಯುವ ದಾರಿ ಹುಡುಕುವುದಕ್ಕೆ ಸೈನ್ಯ ವಿಜ್ಞಾನಿಗಳನ್ನು ಕೂರಿಸಿತು. ಹಾಳಾದ ಡೇರೆಯಿಂದ ಅವರಿಗೆ ಒಂದು ಹಸಿರು ಬೂಷ್ಟು ಸಿಕ್ಕಿತು. ಅದಕ್ಕೆ ಕ್ಯೂಎಂ6ಎ ಅಂತ ನಂಬರು ಕೊಟ್ಟರು. ಕ್ಯೂಎಂ ಅಂದರೆ ಕ್ವಾರ್ಟರ್‌ಮಾಸ್ಟರ್, ಸೈನ್ಯಕ್ಕೆ ಬಟ್ಟೆಬರೆ, ಸಾಮಾನು ಒದಗಿಸುವ ವಿಭಾಗ. ಅದರ ಮೇಲೆ ಬಹಳ ವರ್ಷ ದುಡಿದವರು ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್. 1977ರಲ್ಲಿ ರೀಸ್ ಅವರ ಗೌರವಕ್ಕೆ ಈ ಶಿಲೀಂಧ್ರಕ್ಕೆ ಟ್ರೈಕೋಡರ್ಮಾ ರೀಸಿ ಎಂಬ ಹೆಸರಾಯಿತು.

ಟ್ರೈಕೋಡರ್ಮಾ ಅಂದ ತಕ್ಷಣ ನಮ್ಮ ರೈತರ ಕಿವಿ ನೆಟ್ಟಗಾಗಿರಬಹುದು. ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಕಾಳುಮೆಣಸಿನ ಬುಡಕ್ಕೆ, ಶುಂಠಿಗೆ ಹಾಕುವ ಆ ಟ್ರೈಕೋಡರ್ಮಾ ಪುಡಿ ಇದೆಯಲ್ಲ, ಇದು ಅದರ ದಾಯಾದಿ. ಅದು ಬೇರಿನ ರೋಗವನ್ನು ಹತ್ತಿಕ್ಕುತ್ತದೆ. ಇದು ನಾರನ್ನು ಕರಗಿಸುತ್ತದೆ.

ಹತ್ತಿಯ ಬಟ್ಟೆಯಲ್ಲಿರುವುದು ಸೆಲ್ಯುಲೋಸ್. ಭತ್ತದ ಹುಲ್ಲಿನಲ್ಲೂ ಅದೇ, ಕಬ್ಬಿನ ರವದಿಯಲ್ಲೂ ಅದೇ, ಮೆಕ್ಕೆಜೋಳದ ದಂಟಿನಲ್ಲೂ ಅದೇ. ಸೆಲ್ಯುಲೋಸ್ ಅಂದರೆ ಬೇರೇನಲ್ಲ, ಗ್ಲೂಕೋಸ್ ಸಕ್ಕರೆಯನ್ನೇ ಸರದ ಹಾಗೆ ಪೋಣಿಸಿ, ಆ ಸರಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟ ವಸ್ತು. ಸರ ಬಿಚ್ಚಿದರೆ ಸಕ್ಕರೆ. ಸಕ್ಕರೆಗೆ ಯೀಸ್ಟ್ ಹಾಕಿದರೆ ಎಥನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಮದ್ಯಸಾರ. ಹೇಳುವುದಕ್ಕೆ ಇಷ್ಟೇ. ಆದರೆ ಆ ಸರ ಸುಮ್ನೆ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೆ ಕಿಣ್ವ, ಅಂದರೆ ಎನ್‌ಜೈಮ್ ಬೇಕು. ಗಂಜಿಯಿಂದ, ಅಂದರೆ ಜೋಳ ಅಕ್ಕಿಯಿಂದ, ಎಥನಾಲ್ ಮಾಡುವಾಗ ಬೇಕಾಗುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕಿಣ್ವ ಬೇಕು. ಹುಲ್ಲಿನ ಎಥನಾಲ್ ದುಬಾರಿಯಾಗಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ರೀಸಿ ಬೂಷ್ಟು ಈ ಕೆಲಸವನ್ನು ಹೇಗೆ ಮಾಡುತ್ತದೆ ಗೊತ್ತಾ? ಒಂದು ಕಿಣ್ವ ಸರವನ್ನು ನಡುವೆ ಅಲ್ಲಲ್ಲಿ ಕತ್ತರಿಸುತ್ತದೆ. ಇನ್ನೊಂದು ಕಿಣ್ವದ ಮೈಯಲ್ಲಿ ಒಂದು ಸುರಂಗವೇ ಇದೆ. ಕತ್ತರಿಸಿದ ತುದಿಯನ್ನು ಅದು ಸುರಂಗದೊಳಕ್ಕೆ ಎಳೆದುಕೊಂಡು, ಎರಡೆರಡು ಸಕ್ಕರೆಯ ತುಂಡು ಮಾಡುತ್ತಾ ಮುಂದೆ ಮುಂದೆ ಹೋಗುತ್ತದೆ. ಬೂಷ್ಟು ಹೊರಗೆ ಬಿಡುವ ಪ್ರೋಟೀನಿನಲ್ಲಿ ಸುಮಾರು ಅರ್ಧ ಭಾಗ ಈ ಒಂದೇ ಕಿಣ್ವ. ಕೊನೆಗೆ ಮೂರನೆಯ ಕಿಣ್ವ ಆ ಜೋಡಿಯನ್ನು ಒಡೆದು ಒಂಟಿ ಗ್ಲೂಕೋಸ್ ಮಾಡುತ್ತದೆ.

ಈಗ ನನ್ನದೊಂದು ಅನುಭವ ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಈ ಬೂಷ್ಟನ್ನು ಫ್ಲಾಸ್ಕಿನಲ್ಲಿ ಬೆಳೆಸುತ್ತಿದ್ದೆ. ಬೇಗ ಬೆಳೆಯಲಿ ಅಂತ ಒಮ್ಮೆ ಗ್ಲೂಕೋಸ್ ಜಾಸ್ತಿ ಹಾಕಿದೆ. ಬೂಷ್ಟು ಸೊಂಪಾಗಿ ಬೆಳೆಯಿತು, ಫ್ಲಾಸ್ಕ್ ತುಂಬಿತು. ನನಗೆ ಸಂಭ್ರಮ. ಆಮೇಲೆ ಆ ನೀರನ್ನು ಸೋಸಿ ಪರೀಕ್ಷೆಗೆ ಇಟ್ಟೆ. ಪರೀಕ್ಷೆ ಸುಲಭ. ಒಂದು ಸೆಂಟಿಮೀಟರ್ ಅಗಲ, ಆರು ಸೆಂಟಿಮೀಟರ್ ಉದ್ದದ ಸೋಸುಕಾಗದದ ಪಟ್ಟಿ, ತೂಕ 50 ಮಿಲಿಗ್ರಾಂ. ಆ ಕಾಗದವೂ ಸೆಲ್ಯುಲೋಸೇ. ಅದನ್ನು ಕಿಣ್ವದ ನೀರಿನಲ್ಲಿ 50 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಡಬೇಕು. ಕಾಗದದಿಂದ ಎಷ್ಟು ಸಕ್ಕರೆ ಬಂತು ಎಂದು ಅಳೆಯಬೇಕು. ಜಗತ್ತಿನ ಎಲ್ಲ ಪ್ರಯೋಗಾಲಯಗಳೂ ಇದನ್ನು ಒಂದೇ ರೀತಿ ಮಾಡಲಿ ಎಂದು 1987ರಲ್ಲಿ ಈ ವಿಧಾನವನ್ನು ಬರೆದು ಕೊಟ್ಟವರು ದೆಹಲಿ ಐಐಟಿಯ ಟಿ. ಕೆ. ಘೋಷ್. ಸಕ್ಕರೆ ಬಂದಿದ್ದರೆ, ಕೊನೆಗೆ ಹಾಕುವ ಹಳದಿ ದ್ರಾವಣ ಕುದಿಸಿದಾಗ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನನ್ನದು ಹಳದಿಯಾಗಿಯೇ ಉಳಿಯಿತು.

ಆ ಹಳದಿ ಬಣ್ಣದಲ್ಲೇ ಎಲ್ಲ ವಿಷಯವೂ ಇದೆ. ಬೂಷ್ಟು ಕಿಣ್ವ ಮಾಡುವುದು ಹಸಿವಾದಾಗ. ಎದುರಿಗೆ ಗ್ಲೂಕೋಸ್ ಬಡಿಸಿಟ್ಟರೆ ಅದು ಯಾಕೆ ನಾರು ಒಡೆಯಲಿ? ಕಿಣ್ವ ಮಾಡುವುದಕ್ಕೆ ಅದಕ್ಕೂ ಖರ್ಚಿದೆ, ಅಲ್ವಾ? ಸಕ್ಕರೆ ಕಂಡ ಕೂಡಲೇ ಅದರೊಳಗಿನ ಒಂದು ಪ್ರೋಟೀನು ಕಿಣ್ವದ ಜೀನುಗಳಿಗೆ ಬೀಗ ಹಾಕುತ್ತದೆ. ಆ ಬೀಗದ ಹೆಸರು ಕ್ರೀ1. ಬೂಷ್ಟಿನ ಮಟ್ಟಿಗೆ ಇದು ಬುದ್ಧಿವಂತಿಕೆ. ನಮ್ಮ ಮಟ್ಟಿಗೆ ಇದೇ ಅಡ್ಡಿ.

ಬೀಗ ಮುರಿದದ್ದು ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ. ಮಾಂಟೆನೆಕೋರ್ಟ್ ಮತ್ತು ಎವೆಲೀ ಎಂಬ ಇಬ್ಬರು ಬೂಷ್ಟಿನ ಬೀಜಕಣಗಳಿಗೆ ನೇರಳಾತೀತ ಕಿರಣ ಬಿಟ್ಟರು, ಜೀನು ಕೆಡಿಸುವ ರಾಸಾಯನಿಕ ಹಾಕಿದರು, ಮತ್ತೆ ಕಿರಣ ಬಿಟ್ಟರು. ಬದುಕುಳಿದ ಕಣಗಳನ್ನು ಸೆಲ್ಯುಲೋಸ್ ಬೆರೆಸಿದ ಮಬ್ಬು ತಟ್ಟೆಗಳ ಮೇಲೆ ಬೆಳೆಸಿದರು. ಜೊತೆಗೆ, ಗ್ಲೂಕೋಸಿನಂತೆಯೇ ಕಾಣುವ ಆದರೆ ಹೊಟ್ಟೆ ತುಂಬಿಸದ ಒಂದು ಸಕ್ಕರೆಯನ್ನೂ ಹಾಕಿದರು. ಅದನ್ನು ಕಂಡ ಮೇಲೂ ಕೆಲಸ ನಿಲ್ಲಿಸದೆ, ತನ್ನ ಸುತ್ತ ತಿಳಿಯಾದ ಉಂಗುರ ಬರಿಸಿದ ಬೂಷ್ಟು ಯಾವುದು ಎಂದು ಹುಡುಕಿದರು. 1979ರಲ್ಲಿ ಪ್ರಕಟವಾದ ಆ ತಳಿಯ ಹೆಸರು ರಟ್-ಸಿ30. ಡೇರೆಯಿಂದ ಬಂದ ಮೂಲ ತಳಿಗಿಂತ 15ರಿಂದ 20 ಪಟ್ಟು ಕಿಣ್ವದ ಶಕ್ತಿ ಇದಕ್ಕೆ. ಆಗ ಅವರಿಗೆ ಜೀನು ಓದುವ ಯಂತ್ರ ಇರಲಿಲ್ಲ. ಕಣ್ಣು ಮತ್ತು ತಾಳ್ಮೆ ಮಾತ್ರ. ಈ ಕೆಲಸದ ಮೇಲೆ ನನಗಿರುವ ಗೌರವ ಅಷ್ಟಿಷ್ಟಲ್ಲ.

ಕ್ರೀ1 ಜೀನು ಅರ್ಧಕ್ಕೆ ತುಂಡಾದದ್ದೇ ಇದಕ್ಕೆ ಕಾರಣ ಎಂದು ತಿಳಿದದ್ದು 1996ರಲ್ಲಿ, ಫಿನ್ಲೆಂಡಿನ ವಿಜ್ಞಾನಿಗಳಿಂದ. ಕತ್ತಲಲ್ಲಿ ಕಲ್ಲು ಹೊಡೆದ ಮೇಲೆ ಬೇರೆ ಕಡೆಯೂ ಪೆಟ್ಟು ಬಿದ್ದಿರುತ್ತದೆ. ಈ ತಳಿಯಲ್ಲಿ 29 ಜೀನುಗಳಿದ್ದ ಒಂದು ದೊಡ್ಡ ತುಂಡೇ ಕಳೆದುಹೋಗಿದೆ ಎಂದು ಆಮೇಲೆ ಗೊತ್ತಾಯಿತು. 2008ರಲ್ಲಿ ಮೂಲ ತಳಿಯ ಜೀನುಗಳನ್ನು ಪೂರ್ತಿ ಓದಿದಾಗ ಇನ್ನೊಂದು ಅಚ್ಚರಿ. ನಾರು ಒಡೆಯುವ ಜೀನುಗಳು ಇದರಲ್ಲಿ ಇತರ ಶಿಲೀಂಧ್ರಗಳಿಗಿಂತ ಕಡಿಮೆ! ಬಗೆ ಕಡಿಮೆ, ಆದರೆ ಸುರಿಸುವುದು ಧಾರಾಳ.

ಬೀಗ ಮುರಿದರೆ ಸಾಲದು, ಕೆಲಸ ಶುರು ಮಾಡು ಎಂಬ ಸೂಚನೆಯೂ ಬೇಕು. ಹಾಲಿನ ಸಕ್ಕರೆ ಆ ಸೂಚನೆ ಕೊಡುತ್ತದೆ. ಪನೀರ್ ಮಾಡಿ ಉಳಿಯುವ ನೀರಿನಲ್ಲಿ ಅದು ಅಗ್ಗಕ್ಕೆ ಸಿಗುತ್ತದೆ. ಆದರೂ ಒಮ್ಮೆಲೇ ಸುರಿಯಬಾರದು. ಟ್ಯಾಂಕಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಬೂಷ್ಟನ್ನು ಅರೆಹೊಟ್ಟೆಯಲ್ಲಿ ಇಟ್ಟಿರಬೇಕು. ಬೂಷ್ಟಿನ ಎಳೆಗಳು ಬೆಳೆದಂತೆ ಟ್ಯಾಂಕಿನ ನೀರು ಅಂಬಲಿಯಂತೆ ಮಂದವಾಗುತ್ತದೆ. ಗಾಳಿ ಒಳಗೆ ಇಳಿಯುವುದಿಲ್ಲ. ಜೋರಾಗಿ ತಿರುಗಿಸಿದರೆ ಎಳೆ ಹರಿಯುತ್ತದೆ, ನಿಧಾನ ಮಾಡಿದರೆ ಉಸಿರು ಕಟ್ಟುತ್ತದೆ. ಆ ಹದ ಸಿಗುವುದು ದುಡಿದು ಕಲಿತ ಕೈಗೆ.

ಇನ್ನೊಂದು ಕೊರತೆ ಆ ಮೂರನೆಯ ಕಿಣ್ವದ್ದು. ರೀಸಿ ಅದನ್ನು ಬಹಳ ಕಡಿಮೆ ಮಾಡುತ್ತದೆ. ಒಡೆಯದೆ ಉಳಿದ ಜೋಡಿ ಸಕ್ಕರೆ ರಾಶಿಯಾಗಿ ಮೊದಲಿನ ಕಿಣ್ವಗಳ ಕೆಲಸವನ್ನೇ ತಡೆಯುತ್ತದೆ. ಹಾಗಾಗಿ ಆ ಜೀನನ್ನು ಬೇರೆ ಶಿಲೀಂಧ್ರದಿಂದ ತಂದು ಸೇರಿಸುತ್ತಾರೆ.

2020ರಲ್ಲಿ ಬ್ರೆಜಿಲ್‌ನಿಂದ ಬಂದ ಸುದ್ದಿ ನನಗೆ ತುಂಬಾ ಹಿಡಿಸಿತು. ಅಲ್ಲಿಯ ವಿಜ್ಞಾನಿಗಳು ಅದೇ ರಟ್-ಸಿ30 ತಳಿಯಲ್ಲಿ, ಕತ್ತಲಲ್ಲಿ ಕಲ್ಲು ಹೊಡೆಯದೆ, ಬೇಕಾದ ಕಡೆ ಮಾತ್ರ ಆರು ಬದಲಾವಣೆ ಮಾಡಿದರು. ಸೂಚನೆ ಇಲ್ಲದೆಯೂ ಕೆಲಸ ನಡೆಯುವಂತೆ ಮಾಡಿದರು. ಮಾಡಿದ ಕಿಣ್ವವನ್ನು ಹಾಳುಮಾಡುವ ಪ್ರೋಟೀನುಗಳನ್ನು ತೆಗೆದರು. ಮುಖ್ಯವಾಗಿ, ಈ ಬೂಷ್ಟಿಗೆ ಕಬ್ಬಿನ ಸಕ್ಕರೆ ತಿನ್ನಲು ಬರುವುದಿಲ್ಲ. ಅದನ್ನು ಜೀರ್ಣಿಸುವ ಜೀನು ಕೊಟ್ಟು, ಕಾಕಂಬಿಯ ಮೇಲೆ ಬೆಳೆಸಿದರು. ಲೀಟರಿಗೆ ಸುಮಾರು 80 ಗ್ರಾಂ ಪ್ರೋಟೀನು ಬಂತು. ಸಕ್ಕರೆ ಕಾರ್ಖಾನೆಯ ಅಂಗಳದಲ್ಲೇ, ಅಲ್ಲೇ ಸಿಗುವ ಕಾಕಂಬಿಯಿಂದ ಕಿಣ್ವ.

ನಮ್ಮ ದೇಶದಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಕಂಪನಿಯ ಹುಲ್ಲಿನ ಎಥನಾಲ್ ಘಟಕ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಅದರ ಗುರಿ. ದೆಹಲಿಯಲ್ಲಿರುವ ಐಸಿಜಿಇಬಿ ಎಂಬ ಅಂತರರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಸಂಸ್ಥೆಯವರು ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಗ್ರಹದಲ್ಲಿದ್ದ ಒಂದು ಪೆನಿಸಿಲಿಯಂ ಶಿಲೀಂಧ್ರವನ್ನು ತೆಗೆದುಕೊಂಡು, ಅದರಲ್ಲೂ ಇಂಥದೇ ಬೀಗ ಮುರಿದು, ಕಿಣ್ವ ಹೆಚ್ಚಿಸಿ ತೋರಿಸಿದ್ದಾರೆ. ಡೇರೆಯ ವಂಶವನ್ನೇ ನಂಬಿ ಕೂರಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮಂಡ್ಯ, ಬೆಳಗಾವಿ ಕಡೆ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವುದನ್ನು ನೋಡುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಒಂದಷ್ಟು ರವದಿ ಹೊಲದಲ್ಲೇ ಕೊಳೆತು ಮಣ್ಣಿಗೆ ಸೇರಲಿ, ಅದು ಮಣ್ಣಿನ ಪಾಲು. ಸುಡುವುದಕ್ಕೆ ಅಂತ ಎತ್ತಿಟ್ಟದ್ದನ್ನು ಮಾತ್ರ ನಾನು ಕೇಳುತ್ತಿರುವುದು. ರವದಿ ನಮ್ಮಲ್ಲಿದೆ. ಕಾಕಂಬಿ ನಮ್ಮಲ್ಲಿದೆ. ಪಶ್ಚಿಮ ಘಟ್ಟದ ಕೊಳೆತ ದಿಮ್ಮಿಗಳ ಮೇಲೆ, ಅಡಿಕೆ ಸಿಪ್ಪೆಯ ರಾಶಿಯ ಅಡಿಯಲ್ಲಿ ಹೆಸರಿಲ್ಲದ ಬೂಷ್ಟುಗಳು ಈ ಮಳೆಗಾಲದಲ್ಲೂ ಕೆಲಸ ಮಾಡುತ್ತಿವೆ. ಜೀವಶಾಸ್ತ್ರ ಓದುತ್ತಿರುವ ಮಕ್ಕಳು ಯಾರಾದರೂ ಕೇಳುತ್ತಿದ್ದರೆ, ಅಂಥ ಒಂದು ಹಿಡಿ ಸಿಪ್ಪೆಯನ್ನು ಕಾಲೇಜಿಗೆ ತೆಗೆದುಕೊಂಡು ಹೋಗಿ. ಒಂದು ಪಟ್ಟಿ ಸೋಸುಕಾಗದ ಅಲ್ಲಿ ಇದ್ದೇ ಇರುತ್ತದೆ.

ನಮಸ್ಕಾರ.