ಸ್ಕಾರ್ಲಾಟಿಯ ಒರಟು ಸ್ವರಗಳು

ಎಲ್ಲರಿಗೂ ನಮಸ್ಕಾರ.

ಸಂಗೀತ ಸಂಯೋಜಕರಾದ ಬಾಖ್ ಮತ್ತು ಹ್ಯಾಂಡೆಲ್ ಹುಟ್ಟಿದ 1685ರಲ್ಲೇ ನೇಪಲ್ಸ್‌ನಲ್ಲಿ ದೊಮೆನಿಕೊ ಸ್ಕಾರ್ಲಾಟಿಯೂ ಹುಟ್ಟಿದ. ತಂದೆ ಅಲೆಸ್ಸಾಂದ್ರೊ ಹೆಸರಾಂತ ಒಪೆರಾ ಸಂಯೋಜಕ. ಮಗನೂ ಮೂವತ್ತು ದಾಟುವವರೆಗೆ ಒಪೆರಾ, ಚರ್ಚ್ ಸಂಗೀತ ಎಂದು ಅದೇ ದಾರಿಯಲ್ಲಿ ನಡೆದ. 1719ರಲ್ಲಿ ಲಿಸ್ಬನ್‌ಗೆ ಹೋಗಿ ಪೋರ್ಚುಗಲ್‌ನ ರಾಜಕುಮಾರಿ ಮಾರಿಯಾ ಬಾರ್ಬರಾಗೆ ಗುರುವಾದ. ಅವಳು 1729ರಲ್ಲಿ ಸ್ಪೇನಿನ ಯುವರಾಜನನ್ನು ಮದುವೆಯಾದಾಗ ಅವಳ ಜೊತೆಗೇ ಸ್ಪೇನಿಗೆ ಹೊರಟ. ಮೊದಲು ಸೆವಿಲ್, ಆಮೇಲೆ ಮ್ಯಾಡ್ರಿಡ್. 1757ರಲ್ಲಿ ತೀರಿಕೊಳ್ಳುವವರೆಗೂ ಅವಳನ್ನು ಬಿಟ್ಟು ಹೋಗಲಿಲ್ಲ. ಅವನ 555 ಸೊನಾಟಾಗಳು, ಅಂದರೆ ಕೀಲಿಮಣೆ ವಾದ್ಯಕ್ಕೆಂದು ಬರೆದ ಚಿಕ್ಕ ಕೃತಿಗಳು, ನಮಗೆ ಸಿಕ್ಕಿರುವುದು ಈ ಶಿಷ್ಯೆಯ ದೆಸೆಯಿಂದ ಎಂದೇ ನಾನು ನಂಬಿದ್ದೇನೆ.

ಅವನು ಬದುಕಿದ್ದಾಗ ತಾನೇ ಮುಂದೆ ನಿಂತು ಅಚ್ಚು ಹಾಕಿಸಿದ್ದು 30 ಸೊನಾಟಾಗಳನ್ನು ಮಾತ್ರ, 1738ರಲ್ಲಿ. ಅದರ ಹೆಸರು 'ಎಸ್ಸೆರ್ಚಿತ್ಸಿ', ಅಂದರೆ ಅಭ್ಯಾಸಗಳು. ಉಳಿದವು ಮುಂದೆ ಸ್ಪೇನಿನ ರಾಣಿಯಾದ ಮಾರಿಯಾ ಬಾರ್ಬರಾಗಾಗಿ ನಕಲು ಮಾಡಿಸಿದ ಹಸ್ತಪ್ರತಿಗಳಲ್ಲಿ ಉಳಿದುಕೊಂಡವು. ಅವುಗಳಲ್ಲಿ ಹದಿನೈದು ಸಂಪುಟಗಳು ಇಂದು ವೆನಿಸ್‌ನ ಗ್ರಂಥಾಲಯದಲ್ಲಿವೆ. ಸ್ಕಾರ್ಲಾಟಿಯ ಸ್ವಂತ ಕೈಬರಹದ ಸೊನಾಟಾ ಒಂದೂ ಸಿಕ್ಕಿಲ್ಲ.

ಹೆಚ್ಚಿನವುಗಳ ಕಟ್ಟಡ ಸರಳ: ಎರಡು ಭಾಗ, ಎರಡನ್ನೂ ಮರುನುಡಿಸಬೇಕು. ಮೊದಲ ಭಾಗ ಮನೆಯ ಶ್ರುತಿಯಿಂದ ಹೊರಟು ಬೇರೊಂದು ಶ್ರುತಿಗೆ ಹೋಗಿ ನಿಲ್ಲುತ್ತದೆ. ಎರಡನೆಯದು ಅಲೆದಾಡಿ ಮನೆಗೆ ಮರಳುತ್ತದೆ. ಆ ಅಲೆದಾಟದಲ್ಲೇ ಅವನ ಧೈರ್ಯ ಕಾಣುವುದು. ಕೆ. 119ನ್ನು ಕೇಳಿ ('ಕೆ.' ಎಂದರೆ ಸೊನಾಟಾಗಳನ್ನು ಗುರುತಿಸುವ ಪಟ್ಟಿಯ ಸಂಖ್ಯೆ). ಎಡಗೈಯಲ್ಲಿ ಒಂದಕ್ಕೊಂದು ಅಂಟಿಕೊಂಡ ಸ್ವರಗಳನ್ನೇ ಒಟ್ಟಿಗೆ ಒತ್ತಿಸುತ್ತಾನೆ. ಕಿವಿಗೆ ಕರ್ಕಶ, ಆದರೆ ಮೈ ಝುಂ ಎನ್ನುತ್ತದೆ. ಗಿಟಾರಿನ ತಂತಿಗಳನ್ನೆಲ್ಲ ಒಮ್ಮೆಗೇ ಗೀರಿದಾಗ ಹೊರಡುವ ಸದ್ದು ಅದು. ಸ್ಪೇನಿನ ಬೀದಿಯ ಸಂಗೀತ ಅವನ ಕಿವಿಗೆ ಬಿದ್ದಿರಲೇಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇವನ್ನು ಸಂಪಾದಿಸಿದ ಅಲೆಸ್ಸಾಂದ್ರೊ ಲೊಂಗೊ ಇಂಥ ಎಷ್ಟೋ ಸ್ವರಗಳನ್ನು ತಪ್ಪೆಂದು ಬಗೆದು ತಿದ್ದಿಬಿಟ್ಟರು. ಅವರ ಶ್ರಮ ದೊಡ್ಡದು, ಅಷ್ಟೊಂದು ಸೊನಾಟಾಗಳು ಜನರ ಕೈಗೆ ಸಿಕ್ಕಿದ್ದು ಅವರಿಂದಲೇ. ಆದರೂ ಆ ತಿದ್ದುಪಡಿ ನನಗೆ ಇಂದಿಗೂ ನೋವು ಕೊಡುತ್ತದೆ. ಆ ಒರಟುತನ ತೆಗೆದರೆ ಉಳಿಯುವುದು ಅಂದವಾದ ಆಸ್ಥಾನ ಸಂಗೀತ ಅಷ್ಟೆ. 1953ರಲ್ಲಿ ರಾಲ್ಫ್ ಕರ್ಕ್‌ಪ್ಯಾಟ್ರಿಕ್ ಸ್ಕಾರ್ಲಾಟಿಯ ಕುರಿತು ಬರೆದ ಗ್ರಂಥದಲ್ಲಿ ಹಸ್ತಪ್ರತಿಗಳಲ್ಲಿದ್ದ ಒರಟು ಸ್ವರಗಳನ್ನು ಸಮರ್ಥಿಸಿದರು. ನಾವು ಬಳಸುವ 'ಕೆ.' ಸಂಖ್ಯೆಗಳೂ ಅವರವೇ.

ಇನ್ನು ನುಡಿಸಿದವರ ಮಾತು. ವಾಂಡಾ ಲಾಂಡೋವ್ಸ್ಕಾ 1940ರಲ್ಲಿ ಪ್ಯಾರಿಸ್‌ನಲ್ಲಿ ಸ್ಕಾರ್ಲಾಟಿಯ ಸೊನಾಟಾಗಳನ್ನು ಹಾರ್ಪ್ಸಿಕಾರ್ಡ್ (ತಂತಿಗಳನ್ನು ಮೀಟಿ ಸದ್ದು ಹೊರಡಿಸುವ ಹಳೆಯ ಕೀಲಿಮಣೆ ವಾದ್ಯ) ಮೇಲೆ ಧ್ವನಿಮುದ್ರಿಸುತ್ತಿದ್ದಾಗ ಹೊರಗೆ ವಿಮಾನ ನಿರೋಧಕ ತೋಪುಗಳು ಸಿಡಿದವು. ಆಕೆ ನಿಲ್ಲಿಸಲಿಲ್ಲ, ಆ ಸದ್ದು ಮುದ್ರಿಕೆಯಲ್ಲಿ ಇಂದಿಗೂ ಕೇಳುತ್ತದೆ. ಹೊರೊವಿಟ್ಸ್ ಪಿಯಾನೊದವರು. ಆರು ದಶಕಗಳ ಬಳಿಕ ತಾಯ್ನೆಲಕ್ಕೆ ಹೋಗಿ 1986ರಲ್ಲಿ ಮಾಸ್ಕೋದಲ್ಲಿ ಕಛೇರಿ ಕೊಟ್ಟಾಗ ಅವರು ಆರಂಭಿಸಿದ್ದು ಸ್ಕಾರ್ಲಾಟಿಯಿಂದಲೇ, ಬಿ ಮೈನರ್‌ನ ಕೆ. 87ರಿಂದ. ನಾಲ್ಕು ಎಳೆಗಳು ಹೆಣೆದುಕೊಂಡು ಸಾಗುವ ಅದರಲ್ಲಿ ಅವರು ಒಂದೊಂದು ಎಳೆಗೂ ಬೇರೆ ಬೇರೆ ತೂಕ ಕೊಡುತ್ತಾರೆ. ಹಾರ್ಪ್ಸಿಕಾರ್ಡಿನಲ್ಲಿ ಬೆರಳಿನ ಒತ್ತಡದಿಂದ ಸದ್ದು ಏರಿಳಿಯದು, ಹಾಗಾಗಿ ಈ ಬಗೆ ಅಲ್ಲಿ ಸಾಧ್ಯವಿಲ್ಲ. ಪಿಯಾನೊದಲ್ಲಿ ನುಡಿಸುವುದೇ ಅಪಚಾರ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮಾರಿಯಾ ಬಾರ್ಬರಾಳ ಅರಮನೆಗಳಲ್ಲೇ ಆ ಕಾಲದ ಹೊಸ ಪಿಯಾನೊಗಳಿದ್ದವು.

ಆದರೆ ಒರಟು ಸ್ವರಗಳಿಗೆ ಹಾರ್ಪ್ಸಿಕಾರ್ಡೇ ಸರಿ, ಅದರ ಮೀಟಿದ ತಂತಿಯ ಚೂಪು ಪಿಯಾನೊಗೆ ಬಾರದು. ಇದಕ್ಕೆ ಸ್ಕಾಟ್ ರಾಸ್ ಅವರನ್ನು ಕೇಳಬೇಕು. 1984 ಮತ್ತು 1985ರಲ್ಲಿ ಅವರು 555 ಸೊನಾಟಾಗಳನ್ನೂ ಧ್ವನಿಮುದ್ರಿಸಿದರು. 1989ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ನುಡಿಕೆಯಲ್ಲಿ ಎಲ್ಲಿಯೂ ಸ್ವರಗಳನ್ನು ನಯಗೊಳಿಸುವ ಆತುರವಿಲ್ಲ.

ಈಗ ಡಿ ಮೈನರ್‌ನ ಕೆ. 141ನ್ನು ಎರಡು ಸಲ ಕೇಳೋಣ. ಬಲಗೈಯಲ್ಲಿ ಒಂದೇ ಸ್ವರ ಎಡೆಬಿಡದೆ ಮತ್ತೆ ಮತ್ತೆ ಬರುತ್ತದೆ. ಮೊದಲು ಮಾರ್ತಾ ಆರ್ಗೆರಿಚ್ ಪಿಯಾನೊದಲ್ಲಿ, ಆಮೇಲೆ ರಾಸ್ ಹಾರ್ಪ್ಸಿಕಾರ್ಡಿನಲ್ಲಿ. ಎಲ್ಲರ ಗಮನವೂ ಬಲಗೈಯ ವೇಗದ ಕಡೆಗೇ ಹೋಗುತ್ತದೆ. ನೀವು ಎಡಗೈಯನ್ನು ಹಿಡಿದುಕೊಳ್ಳಿ, ಲೊಂಗೊ ಅವರಿಗೆ ತಪ್ಪೆನಿಸುತ್ತಿದ್ದ ಬಗೆಯ ಸ್ವರಗಳು ಇರುವುದು ಅಲ್ಲಿ.